ಮುತ್ತಗಿರಿಯ ಬೀಗಗಳು

"ದೊರೆ ವೀರಮಲ್ಲರು ಕೇಳುವ ಮೂರು ಒಗಟು ಬಿಡಿಸಿದವರಿಗೆ ಅರ್ಧ ರಾಜ್ಯ! ಒಂದು ತಪ್ಪಿದರೂ ತಲೆದಂಡ!" ಎಂದು ಮುತ್ತಗಿರಿಯ ಬೀದಿಬೀದಿಯಲ್ಲಿ ಡಂಗುರ ಸಾರಿದರು.

ಆ ಊರಿನ ಮನೆಗಳಿಗೆ ಮೊದಲು ಬಾಗಿಲೇ ಇರಲಿಲ್ಲ. ಬಿದಿರ ತಡಿಕೆ ಒರಗಿಸಿದರೆ ಮುಗಿಯಿತು. ಅರಮನೆಯ ಕಮ್ಮಾರ ಬೀಗವೆಂಬ ಹೊಸ ವಸ್ತು ಮಾಡಿದಾಗ ಜನ ನೋಡಿ ಬೆರಗಾದರು, ಕೊಳ್ಳದೆ ಮನೆಗೆ ಹೋದರು. ಸ್ವಲ್ಪ ದಿನಕ್ಕೇ ಊರಲ್ಲಿ ಕಳವು ಶುರುವಾಯಿತು. ಜನ ಬಾಗಿಲು ಮಾಡಿಸಿ ಬೀಗಕ್ಕೆ ಮುಗಿಬಿದ್ದರು. ತಡಿಕೆ ಹೆಣೆಯುತ್ತಿದ್ದ ಈರಬೊಮ್ಮನಿಗೆ ಕೆಲಸ ಇಲ್ಲವಾಯಿತು. ಅರಮನೆಯವರು ಯಾರನ್ನಾದರೂ ಕಳ್ಳನೆಂದು ತೋರಿಸಬೇಕಿತ್ತು. ಈರಬೊಮ್ಮನ ಅಣ್ಣ ಚೌಡನನ್ನು ಗಲ್ಲಿಗೇರಿಸಿದರು.

ಈರಬೊಮ್ಮ ಅರಮನೆಗೆ ಬಂದಾಗ ಇಬ್ಬರು ಮುಂದಿದ್ದರು.

ದೊರೆ ಕೇಳಿದ: "ಯಾರೂ ಮಾಡಿದ್ದಲ್ಲ, ಯಾರೂ ಮಾರುವುದಿಲ್ಲ. ಆದರೂ ನೇಗಿಲು, ಒಲೆ, ಮಡಕೆ ಎಲ್ಲವನ್ನೂ ಮಾಡಿಸಿದ್ದು ಅದೇ. ಯಾವುದು?"

"ಬುದ್ಧಿ," ಎಂದ ಸೆಟ್ಟಿಯ ಮಗ. ಅವನನ್ನು ಎಳೆದೊಯ್ದರು.

ಎರಡನೆಯವನು ಆಸ್ಥಾನದ ಪಂಡಿತ. "ಹಸಿವು," ಎಂದ. ಸರಿಯಾಗಿತ್ತು.

"ಮಗ ಮೊದಲು ಹುಟ್ಟಿದ, ತಾಯಿಯನ್ನು ಆಮೇಲೆ ಹುಟ್ಟಿಸಿದ. ಮಗ ಯಾರು, ತಾಯಿ ಯಾರು?"

ಪಂಡಿತ ಹೇಳಿದ: "ಮಗ ಬೀಜ, ತಾಯಿ ಮರ."

ಅವನನ್ನೂ ಎಳೆದೊಯ್ದರು. ಹೊರಗಿನಿಂದ ಒಂದು ಕೂಗು ಕೇಳಿತು, ಆಮೇಲೆ ಏನೂ ಕೇಳಲಿಲ್ಲ.

ಈರಬೊಮ್ಮ ಮುಂದೆ ಬಂದು ಹೇಳಿದ: "ಮೊದಲನೆಯದು ಹಸಿವೇ, ದೊರೆ. ಹೊಟ್ಟೆ ಕೇಳಿದ್ದಕ್ಕೇ ನೇಗಿಲು ಬಂತು. ಎರಡನೆಯದರಲ್ಲಿ ಮಗ ಬೀಗ, ತಾಯಿ ಭಯ. ಭಯಕ್ಕೆ ಬೀಗ ಹುಟ್ಟಿತು ಅಂತಾರೆ. ನಮ್ಮೂರಲ್ಲಿ ಬೀಗ ಮೊದಲು ಬಂತು, ಭಯ ಹುಟ್ಟಿಸಲು ಕಳವನ್ನು ನೀವು ಆಮೇಲೆ ಕಳಿಸಿದಿರಿ. ನಮ್ಮವ್ವನ ಕಳುವಾದ ಕಂಚಿನ ತಟ್ಟೆಯಲ್ಲಿ ನಿಮ್ಮ ಕಾವಲುಗಾರ ಉಣ್ಣುತ್ತಿದ್ದಾನೆ. ಈಗ ಬರುವಾಗ ಕಂಡೆ."

ದೊರೆ ಮುಗುಳ್ನಕ್ಕ. "ಮೂರನೆಯದು. ಬೇಕು ಅನ್ನುವುದು ಮೊದಲೋ, ವಸ್ತು ಮೊದಲೋ?"

"ಬಡವರ ಮನೆಯಲ್ಲಿ ಬೇಕು ಮೊದಲು ಹುಟ್ಟುತ್ತದೆ, ವಸ್ತು ಬರುವುದೇ ಇಲ್ಲ. ಅರಮನೆಯಲ್ಲಿ ವಸ್ತು ಮೊದಲು ಹುಟ್ಟುತ್ತದೆ. ಬೇಕನ್ನು ಹುಟ್ಟಿಸುವುದಕ್ಕೆ ನಮ್ಮಣ್ಣನಂಥವರು ಸಾಯುತ್ತಾರೆ."

"ಮೂರೂ ಸರಿ," ಎಂದ ದೊರೆ. "ಅರ್ಧ ರಾಜ್ಯ ನಿನ್ನದು. ಏನು ಮಾಡುತ್ತೀ?"

"ನನ್ನ ಅರ್ಧದಲ್ಲಿ ಒಂದು ಬೀಗವೂ ಇರಕೂಡದು."

"ಮಾಡಿನೋಡು," ಎಂದು ದೊರೆ ಎದ್ದು ಒಳಗೆ ನಡೆದ.

ಈರಬೊಮ್ಮ ತನ್ನ ಅರ್ಧದಲ್ಲಿ ಕಾವಲುಗಾರರ ಕಳವು ನಿಲ್ಲಿಸಿದ. ತಾನೇ ಮನೆಮನೆಗೆ ಹೋಗಿ, "ಇನ್ನು ಹೆದರಿಕೆಯಿಲ್ಲ, ಬೀಗ ಕೊಡಿ," ಎಂದ. ಜನ ಬಾಗಿಲು ಮುಚ್ಚಿಕೊಂಡರು. ಕೆಲವರು, "ಹೊಸ ದೊರೆ ದೋಚಲು ಬಂದ," ಎಂದು ಕಲ್ಲೆಸೆದರು. ಕೊನೆಗೆ ಅವನು ಅಣ್ಣನ ಹೆಂಡತಿ ಗಿರಿಯವ್ವನ ಗುಡಿಸಲಿಗೆ ಬಂದ. ಅವಳು ಬೀಗವನ್ನು ಎರಡೂ ಕೈಯಲ್ಲಿ ಅವಚಿಕೊಂಡಳು.

"ಇದನ್ನು ಕೊಟ್ಟು ನಾನು ನೆಮ್ಮದಿಯಾಗಿ ಮಲಗೋದು ಹೇಗಪ್ಪ?"

ಅವಳ ಹಿಂದೆ, ಬರಿಯ ಮಣ್ಣುನೆಲದ ಮೇಲೆ, ಒಂದು ಹರಕು ಚಾಪೆ ಮಾತ್ರ ಇತ್ತು.