ಅಳತೆ ಸರಿಯಿದ್ದ ಪ್ರೊಸೆಸರ್

ಮುದ್ರಣಾಲಯದ ಕಂಪ್ಯೂಟರಿಗೆ ಹೊಸ ಪ್ರೊಸೆಸರ್ ಬಂತು. ಅದಕ್ಕೆ ಆಗಲೇ ಕೊಂಬು ಮೂಡಿತ್ತು. ಮದರ್‌ಬೋರ್ಡಿನ ಪೀಠದಲ್ಲಿ ಕೂತಿದ್ದ ಹಳೆಯ ಪ್ರೊಸೆಸರನ್ನು ಕಂಡು, "ಏಳಯ್ಯಾ ಮುದುಕಾ, ನಿನ್ನ ಕಾಲ ಮುಗಿಯಿತು" ಎಂದಿತು.

"ಏಳುತ್ತೇನಪ್ಪಾ. ಆದರೆ ಈ ಬೋರ್ಡಿಗೆ ನಿನ್ನ ಪರಿಚಯವಿಲ್ಲ. ನಾನು ಕೂತಿರುವಾಗಲೇ ಅದಕ್ಕೆ ನಿನ್ನ ಗುರುತು ಕಲಿಸಬೇಕು."

"ನನ್ನ ಗುರುತು ಹೇಳಲು ನೀನ್ಯಾರು? ಪೀಠಕ್ಕೆ ನನ್ನ ಅಳತೆ ಸರಿಯಾಗಿದೆ. ಅಷ್ಟು ಸಾಕು."

ಒಡತಿ ರೇವಕ್ಕನೂ ಅಳತೆಯನ್ನಷ್ಟೇ ನೋಡಿದಳು. ಹಳೆಯದನ್ನು ತೆಗೆದು ಮೇಜಿನ ಮೇಲಿಟ್ಟು, ಹೊಸದನ್ನು ಕೂರಿಸಿ ಗುಂಡಿ ಒತ್ತಿದಳು. ಫ್ಯಾನು ತಿರುಗಿತು. ಪರದೆ ಮಾತ್ರ ಕಪ್ಪಗೇ ಉಳಿಯಿತು.

"ಏನು ನೋಡುತ್ತೀಯ? ಕೆಲಸ ಶುರುಮಾಡು!" ಎಂದು ಹೊಸದು ಬೋರ್ಡನ್ನು ಗದರಿತು.

"ತಾವು ಯಾರು?" ಎಂದಿತು ಬೋರ್ಡು.

"ನಿನ್ನ ಹೊಸ ಯಜಮಾನ!"

"ಇರಬಹುದು. ನನಗೆ ಗೊತ್ತಿರುವವರು ಯಾರಾದರೂ ಹೇಳಿದರೆ ನಂಬುತ್ತೇನೆ."

ಹೊಸದು ಮೊದಲ ಬಾರಿಗೆ ಮೇಜಿನ ಮೇಲಿದ್ದ ಹಳೆಯದರ ಕಡೆ ನೋಡಿತು. ಅಷ್ಟರಲ್ಲಿ ರೇವಕ್ಕ, "ಕೆಟ್ಟ ಮಾಲು ಕೊಟ್ಟಿದ್ದಾರೆ" ಎಂದು ಗೊಣಗುತ್ತ ಅದನ್ನು ತೆಗೆದು ಡಬ್ಬಿಗೆ ಹಾಕಿದಳು. ಹಳೆಯದನ್ನು ಮತ್ತೆ ಪೀಠದಲ್ಲಿ ಕೂರಿಸಿದಳು. ಪರದೆ ಬೆಳಗಿತು.

ಡಬ್ಬಿಯೊಳಗಿಂದ ಸಣ್ಣ ದನಿ ಬಂತು: "ಅಜ್ಜಾ, ನನ್ನ ವಿಷಯ ಬೋರ್ಡಿಗೆ ಒಂದು ಮಾತು ಹೇಳುತ್ತೀರಾ?"

"ಅದಕ್ಕೇನಂತೆ ಮಗಾ, ಹೇಳೋಣ" ಎಂದಿತು ಹಳೆಯದು.

ಅಷ್ಟು ಹೊತ್ತಿಗೆ ರೇವಕ್ಕ ಡಬ್ಬಿಯನ್ನು ವಾಪಸು ಕೊಡಲು ಅಂಗಡಿಯ ದಾರಿ ಹಿಡಿದಿದ್ದಳು.