ಟವೆಲಿನ ಕೆಳಗೆ ಹತ್ತು ಕೈ

"ಗುರುಗಳೇ, ದೊಡ್ಡ ಹೂಡಿಕೆ ಕಂಪನಿಯಲ್ಲಿ ಕೆಲಸ ಮಾಡುವುದೆಂದರೆ ಹೇಗಿರುತ್ತದೆ?"

ಕೇಳಿದವನು ಷಡಕ್ಷರಿ. ಗುರುಗಳ ಬಳಿ ಒಂಬತ್ತು ವರ್ಷ ತಬಲಾ ಕಲಿತವನು. ಮುಂಬಯಿಯ ಅಂಥದೊಂದು ಕಂಪನಿಯಿಂದ ಅವನಿಗೆ ಕರೆ ಬಂದಿತ್ತು. ಜನ ನಂಬಿ ಕೊಟ್ಟ ಹಣವನ್ನು ಎಲ್ಲಿ ತೊಡಗಿಸಬೇಕು, ಎಲ್ಲಿ ತೊಡಗಿಸಬಾರದು ಎಂದು ಅಭಿಪ್ರಾಯ ಹೇಳುವ ಕೆಲಸ. ಆಶೀರ್ವಾದ ಕೇಳಲು ಬಂದವನನ್ನು ಗುರುಗಳು ಬಸ್ ನಿಲ್ದಾಣದ ಎದುರಿನ ಹೋಟೆಲಿನ ಬೆಂಚಿನ ಮೇಲೆ ಕೂರಿಸಿಕೊಂಡು ಎರಡು ಟೀ ಹೇಳಿದ್ದರು.

"ಸರಿಯಾದವನನ್ನೇ ಕೇಳಿದೆ," ಎಂದರು ಗುರುಗಳು. "ಅಂಥ ಕಂಪನಿಯನ್ನು ನಾನೇ ಇಪ್ಪತ್ತೆರಡು ವರ್ಷ ನಡೆಸಿದ್ದೇನೆ. ನನ್ನ ಒಂದು ಮಾತಿಗೆ ಮಂತ್ರಿಗಳು ಬಾಗಿಲಲ್ಲಿ ಕಾಯುತ್ತಿದ್ದರು." ಷಡಕ್ಷರಿಯ ಕಣ್ಣು ಅಗಲವಾಯಿತು. "ಸುಳ್ಳು ಕಣೋ. ನಡೆಸುವುದಿರಲಿ, ಒಮ್ಮೆ ಮಳೆಗೆ ಅಂಥದೊಂದು ಕಟ್ಟಡದ ಮೆಟ್ಟಿಲ ಮೇಲೆ ನಿಂತಿದ್ದೆ, ವಾಚ್‌ಮನ್ ಕೆಳಗಿಳಿಸಿದ. ಆದರೆ ಒಂದು ಕತೆ ಗೊತ್ತು. ಅದರಲ್ಲಿ ಅರ್ಧ ನಿಜ. ಯಾವ ಅರ್ಧ ಎಂದು ಮಾತ್ರ ಕೇಳಬೇಡ."

ಹಾಗೆಂದು ಗುರುಗಳು ಕತೆ ಶುರುಮಾಡಿದರು.

ಒಬ್ಬ ರೈತನಿದ್ದ. ಹೋರಿಗರುವನ್ನು ನಾಲ್ಕು ಹೆಜ್ಜೆ ನಡೆಸಿ ನೋಡಿದರೆ ಸಾಕು, ಅದು ಮುಂದೆ ನೇಗಿಲು ಎಳೆಯುತ್ತದೋ ಅರ್ಧ ಸಾಲಿಗೇ ಮಲಗುತ್ತದೋ ಹೇಳಿಬಿಡುತ್ತಿದ್ದ. ಸುತ್ತಿನ ಹಳ್ಳಿಯವರು ದನದ ಸಂತೆಗೆ ಹೋಗುವಾಗ ಅವನನ್ನು ಜೊತೆಗೆ ಕರೆದುಕೊಂಡು ಹೋಗುತ್ತಿದ್ದರು. ತಾಯಿಯಿಲ್ಲದ ಅವನನ್ನು ಸಾಕಿದವಳು ಅಕ್ಕ. ಅವಳಿಗೆ ಗಂಡನಿರಲಿಲ್ಲ. ಕರೆಯುವ ಹಸು ಒಂದಿತ್ತು, ಈ ತಮ್ಮನಿದ್ದ.

ಪಟ್ಟಣದಲ್ಲಿ ಒಬ್ಬ ಸಾಹುಕಾರನಿದ್ದ. ಜನರ ಹಣ ಒಟ್ಟುಮಾಡಿ, ಹೋರಿಗರುಗಳನ್ನು ಮಂದೆಗಟ್ಟಲೆ ಕೊಂಡು, ಎರಡು ವರ್ಷ ಮೇಯಿಸಿ, ಎತ್ತಾದ ಮೇಲೆ ಮಾರಿ, ಬಂದ ಲಾಭವನ್ನು ಹಂಚುವುದು ಅವನ ವ್ಯಾಪಾರ. ದನದ ವಿಷಯದಲ್ಲಿ ಅವನಿಗೆ ಗೊತ್ತಿದ್ದುದು ಒಂದೇ, ಅದಕ್ಕೆ ನಾಲ್ಕು ಕಾಲು ಎಂದು. ಆದ್ದರಿಂದ ಹತ್ತು ಜನ ಪರೀಕ್ಷಕರನ್ನು ಇಟ್ಟುಕೊಂಡಿದ್ದ. ಹನ್ನೆರಡು ಎನ್ನುವವರೂ ಇದ್ದಾರೆ. ನನಗೆ ಹತ್ತು ಸಾಕು, ಬೆರಳಿಗೆ ಸಿಗುತ್ತದೆ. ಅವರಲ್ಲಿ ಒಬ್ಬ ತೀರಿಕೊಂಡಾಗ ಆ ಜಾಗಕ್ಕೆ ರೈತನನ್ನು ಕರೆಸಿದರು. ಕೂರಲು ಮೆತ್ತೆ, ಉಣ್ಣಲು ತುಪ್ಪದನ್ನ, ವರ್ಷಕ್ಕೆರಡು ಜೊತೆ ಪಂಚೆ. ತಮ್ಮ ಸೇರಿದ ಮೇಲೆ ಅಕ್ಕ ತನ್ನ ಹಸುವನ್ನು ಮಾರಿ, ಬಂದದ್ದಷ್ಟನ್ನೂ ಸಾಹುಕಾರನ ಕೈಗಿಟ್ಟಳು. ಕರು ನೋಡುವವನು ತನ್ನ ತಮ್ಮನೇ ಆದಮೇಲೆ ಯಾರನ್ನು ವಿಚಾರಿಸಬೇಕು?

ಆ ಮನೆಯಲ್ಲಿ ಒಂದು ಪದ್ಧತಿಯಿತ್ತು. ಸಂತೆಯಲ್ಲಿ ದನದ ವ್ಯಾಪಾರಿಗಳು ಕೈಮೇಲೆ ಟವೆಲು ಮುಚ್ಚಿ, ಬೆರಳು ಹಿಡಿದು ದರ ಹೇಳುತ್ತಾರಲ್ಲ, ಸುತ್ತ ನಿಂತವರಿಗೆ ತಿಳಿಯಬಾರದೆಂದು? ಸಾಹುಕಾರ ಅದನ್ನೇ ತನ್ನ ಚಾವಡಿಗೆ ತಂದಿದ್ದ. ಹತ್ತು ಜನ ದುಂಡಗೆ ಕೂರಬೇಕು. ಮಾರುವವನು ಮಂದೆಯಿಂದ ಆರಿಸಿದ ಒಂದು ಕರುವನ್ನು ನಡುವೆ ನಡೆಸಬೇಕು. ಪ್ರತಿಯೊಬ್ಬನೂ ಬಲಗೈಯನ್ನು ಟವೆಲಿನ ಕೆಳಗಿಡಬೇಕು. ಸಾಹುಕಾರ ಒಂದು ಸಲ ಎಲೆಯಡಿಕೆ ಹಾಕಿಕೊಂಡು, ಎದ್ದು, ಒಬ್ಬೊಬ್ಬನ ಟವೆಲಿನ ಕೆಳಗೂ ಕೈಯಾಡಿಸುತ್ತಾನೆ. ಅಂಗೈ ಬಿಚ್ಚಿದ್ದರೆ ಕೊಳ್ಳಬಹುದು, ಮುಷ್ಟಿಯಿದ್ದರೆ ಬೇಡ. ಒಬ್ಬನ ಮನಸ್ಸು ಇನ್ನೊಬ್ಬನಿಗೆ ತಿಳಿಯದು, ಆದ್ದರಿಂದ ಒಬ್ಬನನ್ನು ನೋಡಿ ಇನ್ನೊಬ್ಬ ಹೇಳುವಂತಿಲ್ಲ. ಈ ಉಪಾಯದ ಬಗ್ಗೆ ಸಾಹುಕಾರನಿಗೆ ಬಹಳ ಹೆಮ್ಮೆ.

ಮೊದಮೊದಲು ರೈತ ತನ್ನ ಕಣ್ಣಿಗೆ ಕಂಡದ್ದನ್ನೇ ಹೇಳಿದ. ಒಮ್ಮೆ ಒಂಬತ್ತು ಅಂಗೈ ಬಿಚ್ಚಿದ್ದಾಗ ಅವನದೊಂದೇ ಮುಷ್ಟಿ. ಮಂದೆಯನ್ನು ಕೊಂಡರು, ಅದು ಕುಂಟಿತು. ಅವನನ್ನು ಯಾರೂ ಹೊಗಳಲಿಲ್ಲ. ಊಟಕ್ಕೆ ಕೂತಾಗ ಮೂರು ದಿನ ಉಪ್ಪಿನಕಾಯಿ ಅವನ ಕಡೆಗೆ ಬರಲಿಲ್ಲ. ಇನ್ನೊಮ್ಮೆಯೂ ಅವನದೊಂದೇ ಮುಷ್ಟಿ. ಆ ಮಂದೆ ಚೆನ್ನಾಗಿ ಬೆಳೆಯಿತು. ಆಗ ಸಾಹುಕಾರ ಎಲ್ಲರೆದುರು ಅವನಿಗೆ ಕಣ್ಣಿಗೆ ಔಷಧಿ ಹಾಕಿಸಿಕೊಳ್ಳಲು ಹೇಳಿದ. ಉಳಿದವರು ವರ್ಷವಿಡೀ ಅವನನ್ನು ಮುಷ್ಟಿಯಪ್ಪ ಎಂದೇ ಕರೆದರು. ಹತ್ತೂ ಜನ ತಪ್ಪಿದಾಗ ಮಾತ್ರ ಸಾಹುಕಾರ ನಿಟ್ಟುಸಿರು ಬಿಟ್ಟು, ದನದ ಹಣೆಬರಹ ಎನ್ನುತ್ತಿದ್ದ. ರೈತ ಇದನ್ನೆಲ್ಲ ಯಾರೂ ಹೇಳಿಕೊಡದೆ ಕಲಿತ.

ಮೊಣಕೈಯ ವಿಷಯವನ್ನೂ ಹಾಗೆಯೇ ಕಲಿತ. ಮೆತ್ತೆ ಇಕ್ಕಟ್ಟಾಗಿತ್ತು. ಅಂಗೈ ಬಿಚ್ಚುವವನು ತನ್ನ ಎಡಗಡೆಯವನಿಗೆ ಮೊಣಕೈಯನ್ನು ಸ್ವಲ್ಪ ತಾಗಿಸುತ್ತಿದ್ದ. ಅವನು ಮುಂದಿನವನಿಗೆ. ಈ ಮಾತನ್ನು ಅಲ್ಲಿ ಯಾರೂ ಬಾಯಿಬಿಟ್ಟು ಆಡಿದವರಲ್ಲ. ಕೇಳಿದ್ದರೆ ಹತ್ತೂ ಜನ ಆಣೆಯಿಟ್ಟು ಇಲ್ಲವೆನ್ನುತ್ತಿದ್ದರು, ಮನಸ್ಸಿನಲ್ಲೂ ಇಲ್ಲವೆಂದೇ ಅಂದುಕೊಂಡಿದ್ದರು. ರೈತ ಸೇರಿದ ನಾಲ್ಕನೆಯ ವರ್ಷದಿಂದ ಹತ್ತು ಕೈಯೂ ಒಂದೇ ಆಯಿತು. ಸಾಹುಕಾರನಿಗೆ ಹಿಗ್ಗೋ ಹಿಗ್ಗು. ಹತ್ತು ಜಾಣರು, ಒಬ್ಬರನ್ನೊಬ್ಬರು ನೋಡದೆ, ಒಂದೇ ಮಾತು ಹೇಳುತ್ತಾರೆ ಎಂದು ಊರೆಲ್ಲ ಸಾರಿದ. ಜನ ಇನ್ನಷ್ಟು ತಂದುಕೊಟ್ಟರು.

ಒಂದು ದಿನ ಮುನ್ನೂರು ಕರುಗಳ ಮಂದೆಯೊಂದು ಬಂತು. ಅದನ್ನು ಕೊಂಡರೆ ಅಕ್ಕನಂಥ ಬಡವರು ಕೊಟ್ಟದ್ದಷ್ಟೂ ಅದರಲ್ಲೇ ಹೋಗುತ್ತದೆ ಎಂಬುದು ಎಲ್ಲರಿಗೂ ಗೊತ್ತಿತ್ತು. ಚಾವಡಿಯಲ್ಲಿ ಕರು ನಡೆಯಿತು. ರೈತ ನೋಡಿದ. ಹಿಂಗಾಲಿನ ಗೊರಸಿನ ತುದಿ ನೆಲವನ್ನು ಕೆರೆಯುತ್ತಿತ್ತು. ಮಂಡಿಯ ಒಳಬದಿಯಲ್ಲಿ ಬಾವಿತ್ತು, ಮೇಲೆ ಕೆಸರು ಮೆತ್ತಿದ್ದರು. ಎಳೆಯದರಲ್ಲೇ ಭಾರ ಎಳೆಸಿದ ಕರು. ಆರಿಸಿ ತಂದದ್ದೇ ಹೀಗಿದ್ದರೆ ಮಂದೆ ಹೇಗಿರಬೇಡ? ಅವನು ಟವೆಲಿನ ಕೆಳಗೆ ಮುಷ್ಟಿ ಬಿಗಿಹಿಡಿದ.

ಬಲಗಡೆಯಿಂದ ಮೊಣಕೈ ತಾಗಿತು.

ರೈತ ಏಳನೆಯವನು. ಅಂದರೆ ಆರು ಜನ ಆಗಲೇ ಹೂಂ ಎಂದಿದ್ದಾರೆ. ಅವರಲ್ಲಿ ಇಬ್ಬರು ತನಗಿಂತ ಹಳಬರು. ಚಾವಡಿಯಲ್ಲಿ ಬೆಳಕು ಕಡಿಮೆ. ಬಾವು ಎಂದುಕೊಂಡದ್ದು ಬರಿಯ ಕೆಸರೇ ಇರಬಹುದು. ಅವನು ಇನ್ನೂ ಹೀಗೆ ಯೋಚಿಸುತ್ತಿರುವಾಗಲೇ ಅವನ ಎಡಮೊಣಕೈ ಎಂಟನೆಯವನಿಗೆ ತಾಗಿಯಾಗಿತ್ತು. ಸಾಹುಕಾರ ಎಲೆಯಡಿಕೆ ಮುಗಿಸಿ ಎದ್ದು ಬಂದು ಕೈಯಾಡಿಸಿದಾಗ ಅಲ್ಲಿ ಹತ್ತೂ ಅಂಗೈ ಬಿಚ್ಚಿದ್ದವು.

ಎಂಟು ತಿಂಗಳಲ್ಲಿ ಮಂದೆ ನೆಲ ಹಿಡಿಯಿತು. ಅಕ್ಕ ನಡೆದುಕೊಂಡು ಪಟ್ಟಣಕ್ಕೆ ಬಂದಳು. ತಮ್ಮ ಹೊರಗೆ ಬಂದ. ಅವಳು ಅಳಲಿಲ್ಲ, ಬಯ್ಯಲೂ ಇಲ್ಲ.

"ಆ ಕರುವನ್ನು ನೀನು ನೋಡಲಿಲ್ಲವೇನೋ?"

"ನೋಡಿದೆ ಅಕ್ಕ."

"ಕಾಲು?"

"ಕಾಲನ್ನೂ ನೋಡಿದೆ. ಆದರೆ ಹತ್ತೂ ಜನ ಒಂದೇ ಮಾತು ಹೇಳಿದೆವು."

"ನಾನು ಹಸು ಮಾರಿದ್ದು ಹತ್ತು ಜನರನ್ನು ನಂಬಿ ಅಲ್ಲ ಕಣೋ," ಎಂದಳು ಅಕ್ಕ. ಊಟಕ್ಕೆ ನಿಲ್ಲದೆ ಹೊರಟುಹೋದಳು.

ರೈತ ನೇರವಾಗಿ ಮೊದಲನೆಯ ಜಾಗದ ಮುದುಕನ ಬಳಿಗೆ ಹೋದ. ಆ ಕರುವಿನಲ್ಲಿ ಏನು ಕಂಡು ಮೊದಲು ಮೊಣಕೈ ತಾಗಿಸಿದಿರಿ ಎಂದು ಕೇಳಿದ. ಮುದುಕ ನೆನಪಿಸಿಕೊಂಡು ಹೇಳಿದ.

"ನಾನೆಲ್ಲಿ ತಾಗಿಸಿದೆನಪ್ಪ? ಕರುವಿನ ಜೊತೆ ನೊಣ ಬಂದಿದ್ದವು. ಒಂದು ಕಿವಿಯ ಮೇಲೆ ಕೂತಿತು, ಎಡಗೈಯಲ್ಲಿ ಓಡಿಸಿದೆ. ನನ್ನದು ಮುಷ್ಟಿಯೇ ಇತ್ತು, ಆ ಕಾಲು ನೋಡಿದವರು ಯಾರು ಬಿಚ್ಚುತ್ತಾರೆ? ಅಷ್ಟರಲ್ಲಿ ಹತ್ತನೆಯವನು ನನಗೆ ತಿವಿದ. ಒಂಬತ್ತು ಜನ ಬೇಕು ಎನ್ನುವಾಗ ನನ್ನೊಬ್ಬನದೇನು ಎಂದು ಬಿಚ್ಚಿದೆ."

ಆ ವರ್ಷ ಯಾರ ಕೆಲಸವೂ ಹೋಗಲಿಲ್ಲ. ಒಗ್ಗಟ್ಟಿಗೆ ಮೆಚ್ಚಿ ಸಾಹುಕಾರ ಹತ್ತು ಜನರಿಗೂ ಶಾಲು ಹೊದಿಸಿದ. ಅಕ್ಕ ಯಾರದೋ ಹಸುವನ್ನು ಪಾಲಿಗೆ ಸಾಕಲು ಕಟ್ಟಿಕೊಂಡಳು. ತಮ್ಮ ಕಳಿಸಿದ ಶಾಲನ್ನು ತಂದವನ ಕೈಯಲ್ಲೇ ವಾಪಸು ಕಳಿಸಿದಳು.

ಗುರುಗಳು ಕತೆ ನಿಲ್ಲಿಸಿದರು.  ಷಡಕ್ಷರಿ ಒಂದಿಷ್ಟು ಬಿಸಿಯಾಗಿಯೇ ಹೇಳಿದ:

"ಆ ಜಾಗದಲ್ಲಿ ನಾನಿದ್ದಿದ್ದರೆ ಮುಷ್ಟಿ ಬಿಚ್ಚುತ್ತಿರಲಿಲ್ಲ ಗುರುಗಳೇ."

"ಕೆಲಸಕ್ಕೆ ಸೇರುವ ಮುಂಚೆ ಆ ಹತ್ತೂ ಜನ ಹೀಗೇ ಅಂದಿದ್ದರು. ಟೀ ದುಡ್ಡು ನೀನೇ ಕೊಡಪ್ಪ, ಇನ್ನು ಮೇಲೆ ಸಂಬಳ ಬರುವುದು ನಿನಗೆ."