ಕೆಂಪು ದಾರದ ಬಾಣ

ಹಳ್ಳದ ದಂಡೆಯಲ್ಲಿ ಪಾಲಯ್ಯನೆಂಬ ಗುರುಗಳು ಬೇಟೆಯ ವಿದ್ಯೆ ಕಲಿಸುತ್ತಿದ್ದರು. ಆಗ ಅವರಲ್ಲಿ ಇದ್ದವರು ಇಬ್ಬರೇ ಶಿಷ್ಯರು, ಸೂರಯ್ಯ ಮತ್ತು ಕಾಟಪ್ಪ.

ಇಬ್ಬರ ಬಾಣಗಳನ್ನೂ ಗುರುಗಳೇ ಮಾಡಿಕೊಡುತ್ತಿದ್ದರು. ಒಂದೇ ಮೆಳೆಯ ಬಿದಿರು, ಒಂದೇ ಹದ್ದಿನ ಗರಿ. ಗುರುತಿಗೆಂದು ಸೂರಯ್ಯನ ಬಾಣಕ್ಕೆ ಬಿಳಿ ದಾರ, ಕಾಟಪ್ಪನದಕ್ಕೆ ಕೆಂಪು.

ಕಾಟಪ್ಪನ ಬಾಣಕ್ಕೆ ಜಿಂಕೆ ಬೀಳುತ್ತಿತ್ತು. ಸೂರಯ್ಯನ ಬಾಣ ಜಿಂಕೆಯ ಬೆನ್ನ ಮೇಲೆ ಹಾದುಹೋಗುತ್ತಿತ್ತು.

ಕಡ್ಡಿ ಸೊಟ್ಟ ಎಂದು ಸೂರಯ್ಯ ಒಮ್ಮೆ ದೂರಿದ. ಗರಿಗೆ ಇಬ್ಬನಿ ತಾಗಿತ್ತು ಎಂದು ಮತ್ತೊಮ್ಮೆ. ಆಮೇಲೆ ಅಲಗು ಭಾರವಾಯಿತು. ಗುರುಗಳು ಪ್ರತಿ ಸಲವೂ ಬೇರೆ ಬಾಣ ಕೊಟ್ಟರು.

ಅದರಿಂದಲೂ ಅವನಿಗೆ ಸಮಾಧಾನವಿಲ್ಲ. ಗುರುಗಳು ಬಿದಿರನ್ನು ಕೆಂಡಕ್ಕೆ ಹಿಡಿದು ನೇರ ಮಾಡುವಾಗ ಪಕ್ಕದಲ್ಲೇ ಕೂತು ಕಾಯುತ್ತಿದ್ದ. ಕಾಟಪ್ಪನದನ್ನು ತುಸು ಹೆಚ್ಚು ಹೊತ್ತು ಕಾಯಿಸಿದಂತೆ ಕಾಣುತ್ತಿತ್ತು. ತನ್ನದನ್ನು ಬೇಗ ಬದಿಗಿಟ್ಟಂತೆ ಕಾಣುತ್ತಿತ್ತು.

ಒಂದು ಬೆಳಿಗ್ಗೆ ಕಾಟಪ್ಪ ಮೀಯಲು ಹೋದಾಗ, ಸೂರಯ್ಯ ಅವನ ಬತ್ತಳಿಕೆಯಿಂದ ಒಂದು ಬಾಣ ಎಳೆದುಕೊಂಡು ಕಾಡಿಗೆ ನಡೆದ.

ಜಿಂಕೆ ಸಿಕ್ಕಿತು. ಹೆದೆ ಎಳೆದು ನಿಂತಾಗ ಅವನ ಕಣ್ಣ ಮುಂದೆ ಇದ್ದದ್ದು ಜಿಂಕೆಯಲ್ಲ, ಸುದ್ದಿ ಕೇಳಿ ಸಪ್ಪಗಾಗುವ ಕಾಟಪ್ಪನ ಮುಖ.

ಬಾಣ ಎದೆಗೆ ಬೀಳದೆ ಹೊಟ್ಟೆಗೆ ನಾಟಿತು. ಜಿಂಕೆ ಮುಳ್ಳುಪೊದೆಗಳೊಳಗೆ ಓಡಿ ಮರೆಯಾಯಿತು.

ಗಾಯಗೊಂಡ ಮೃಗವನ್ನು ಹೊಡೆದವನೇ ಹುಡುಕಿ ಅದರ ನೋವು ಮುಗಿಸಬೇಕು, ಅಲ್ಲಿಯವರೆಗೆ ನೀರೂ ಮುಟ್ಟಬಾರದು. ಅದು ಬೇಟೆಗಾರರ ಕಟ್ಟಳೆ. ಸೂರಯ್ಯ ಹಿಂತಿರುಗಿ ಬಂದು ಗಂಜಿ ಕುಡಿದ.

ಮಧ್ಯಾಹ್ನ ನೆರೆಮನೆಯ ಓಬಕ್ಕ ಕಾಡಿನಿಂದ ಸೌದೆ ಹೊತ್ತು ಬಂದಳು. ಹೊರೆ ಇಳಿಸಿದವಳೇ ಕಾಟಪ್ಪನ ಕಡೆ ತಿರುಗಿದಳು.

"ನಿನ್ನ ಕೆಂಪು ದಾರದ ಬಾಣ ಹೊತ್ಕೊಂಡು ಒಂದು ಜಿಂಕೆ ಗುಡ್ಡದ ಕಡೆ ಕಾಲೆಳೀತಾ ಹೋಗ್ತಾ ಐತೆ. ಹೊಟ್ಟೆಯೊಳಗೆ ಅರ್ಧ ಕಡ್ಡಿ ಇಳಿದೈತೆ ಕಣಪ್ಪ. ನಿನ್ನ ತೋಳಿಗೆ ದೃಷ್ಟಿ ತೆಗೀಬೇಕು."

ತಾನು ಈ ದಿನ ಬಿಲ್ಲನ್ನೇ ಮುಟ್ಟಿಲ್ಲ ಎಂದ ಕಾಟಪ್ಪ. ಆದರೂ ನರಳುವ ಪ್ರಾಣಿಯನ್ನು ಹಾಗೇ ಬಿಡಲಾಗದು ಎಂದು ಎದ್ದು ನಿಂತ.

ತೋಳಿಗೆ ತಕ್ಕ ಮನಸ್ಸೂ ಇದೆ ಎಂದು ಓಬಕ್ಕ ಮತ್ತೆ ಅವನನ್ನೇ ಹೊಗಳಿದಳು.

ಹೊಡೆದದ್ದು ತಾನು, ಹೊಗಳಿಕೆ ಅವನಿಗೆ. ಸೂರಯ್ಯನಿಗೆ ತಡೆಯಲಾಗಲಿಲ್ಲ.

"ಹೊಡೆದವನು ನಾನು," ಎಂದ. "ಆ ಏಟು ನನ್ನದು."

ಗುರುಗಳು ಕೈಯಲ್ಲಿದ್ದ ಬಿದಿರನ್ನು ಕೆಳಗಿಟ್ಟರು.

"ಹೊಟ್ಟೆಗೆ ಬಿದ್ದಿದೆಯಲ್ಲ, ಸೂರಯ್ಯ?"

"ಅದಕ್ಕೆ ನಾನೇನು ಮಾಡಲಿ ಗುರುಗಳೇ? ಬಾಣ ಇವನದು. ಹೆದೆ ಬಿಟ್ಟ ಕೂಡಲೇ ಅಡ್ಡ ತಿರುಗಿತು."

ಓಬಕ್ಕ ಬಾಯಿಗೆ ಸೆರಗು ಹಿಡಿದಳು. ಗುರುಗಳು ನಗಲಿಲ್ಲ. ಹೊರಟಿದ್ದ ಕಾಟಪ್ಪನನ್ನು ಕೂರಿಸಿದರು. ಸೂರಯ್ಯನ ಬಿಲ್ಲನ್ನು ತಂದು ಸೂರಯ್ಯನ ಹೆಗಲಿಗೇ ಹಾಕಿದರು.

"ಆ ಬಾಣದ ಗುಣ ಈಗ ನಿನಗಿಂತ ಜಿಂಕೆಗೆ ಚೆನ್ನಾಗಿ ಗೊತ್ತು. ಹೋಗಿ ಅದರ ಕಣ್ಣಲ್ಲಿ ಕಣ್ಣಿಟ್ಟು ಕೇಳು. ಅದೂ ಬಾಣವನ್ನೇ ದೂರಿದರೆ, ನಾನೂ ಒಪ್ಪುತ್ತೇನೆ."